ಮೈ ಚೆನ್ನಾಗಿರುವಾಗಲೂ ವೈದ್ಯರ ಬಳಿ ಹೋಗಬೇಕೇ? ಕೊಡಗಿನ ಯುವತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶುಶ್ರೂಷಕಿಯಾಗಿ ದುಡಿದವಳು ನಾನು. ಅದರಲ್ಲಿ ಬಹುಪಾಲು ಮಹಿಳೆಯರ ಹೊರರೋಗಿ ವಿಭಾಗದಲ್ಲೇ ಕಳೆಯಿತು. ಅಲ್ಲಿಗೆ ಬರುವ ಯುವತಿಯರಲ್ಲಿ ಹೆಚ್ಚಿನವರನ್ನು ಬೇರೆ ಯಾರೋ ಕರೆತಂದಿರುತ್ತಾರೆ. ಬಸುರಾದಾಗ ಅತ್ತೆ, ಮದುವೆ ಗೊತ್ತಾದಾಗ ತಾಯಿ, ಕಾಫಿ ಕೊಯ್ಯುತ್ತಾ ತಲೆ ಸುತ್ತಿ ಬಿದ್ದಾಗ ತೋಟದ ಲೆಕ್ಕ ಬರೆಯುವ ರೈಟರ್. ಚೆನ್ನಾಗಿರುವಾಗಲೇ ತಾನಾಗಿ ಬಂದು "ಒಮ್ಮೆ ನೋಡಿ ಸಿಸ್ಟರ್" ಎಂದವರು ಬೆರಳೆಣಿಕೆಯಷ್ಟು. ಹಾಗೆ ಬರಬೇಕಾದವರಿಗಾಗಿ ಇದನ್ನು ಬರೆದಿದ್ದೇನೆ. ಹದಿನೆಂಟರಿಂದ ಮೂವತ್ತೈದರವರೆಗಿನ, ದೊಡ್ಡ ಕಾಯಿಲೆ ಇಲ್ಲದ ಹೆಣ್ಣುಮಕ್ಕಳಿಗೆ ಇಲ್ಲಿನ ಮಾತು ಹೊಂದುತ್ತದೆ. ಈಗಾಗಲೇ ಸಕ್ಕರೆ ಕಾಯಿಲೆ, ಅಪಸ್ಮಾರ, ಹೃದಯದ ತೊಂದರೆ ಇರುವವರು ತಮ್ಮ ವೈದ್ಯರು ಹೇಳಿದ ಲೆಕ್ಕವನ್ನೇ ಹಿಡಿಯಬೇಕು.

ನನಗೆ 24 ವರ್ಷ. ಯಾವ ತೊಂದರೆಯೂ ಇಲ್ಲ. ಆದರೂ ಹೋಗಬೇಕೇ?

ಹೋಗಬೇಕು, ಆದರೆ ನೀವು ಅಂದುಕೊಂಡಷ್ಟು ಸಲ ಬೇಡ. ವರ್ಷಕ್ಕೊಮ್ಮೆ ಒಬ್ಬ ಸಾಮಾನ್ಯ ವೈದ್ಯರನ್ನು ಕಂಡು ಬಿಪಿ, ತೂಕ, ಹಿಮೋಗ್ಲೋಬಿನ್ ನೋಡಿಸಿ, ಮುಟ್ಟಿನ ಬಗ್ಗೆ ಮತ್ತು ಹಾಕಿಸಿಕೊಳ್ಳಬೇಕಾದ ಲಸಿಕೆಗಳ ಬಗ್ಗೆ ಮಾತಾಡಿ ಬಂದರೆ ಮುಖ್ಯವಾದದ್ದೆಲ್ಲ ಆದಂತೆ. ಹಲ್ಲಿನ ವೈದ್ಯರನ್ನು ವರ್ಷಕ್ಕೊಮ್ಮೆ ನೋಡಿ. ಇಪ್ಪತ್ತರ ಹರೆಯದಲ್ಲಿ ಒಮ್ಮೆಯಾದರೂ ಕಣ್ಣಿನ ಪೂರ್ಣ ತಪಾಸಣೆ ಆಗಲಿ. ಗರ್ಭಕೊರಳಿನ ಪರೀಕ್ಷೆಗೆ ಅದರದೇ ವಯಸ್ಸು ಇದೆ, ಮುಂದೆ ಹೇಳುತ್ತೇನೆ.

ಮೂವತ್ತರೊಳಗಿನ ಆರೋಗ್ಯವಂತರಿಗೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು ಎನ್ನುವ ವೈದ್ಯರೂ ಇದ್ದಾರೆ. ನಾನು ವರ್ಷಕ್ಕೊಮ್ಮೆ ಎಂದು ಹಟ ಹಿಡಿಯುವುದು ರಕ್ತಹೀನತೆಯ ಕಾರಣಕ್ಕೆ. ನಮ್ಮ ಹುಡುಗಿಯರಲ್ಲಿ ಅದು ಸದ್ದಿಲ್ಲದೆ ಬೆಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಸ್ತ್ರೀರೋಗ ತಜ್ಞೆಯೇ ಬೇಕೇ? ಮಡಿಕೇರಿಗೋ ಮೈಸೂರಿಗೋ ಹೋಗಬೇಕೇ?

ಬೇಡ. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರು ಸಾಕು. ಮುಟ್ಟಿನಲ್ಲಿ ಏರುಪೇರು, ಕೆಳಹೊಟ್ಟೆಯ ನೋವು, ವಾಸನೆ ಅಥವಾ ತುರಿಕೆಯಿರುವ ಬಿಳಿಸೆರಗು ಇದ್ದರೆ ಅವರೇ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೋ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಗೋ ಕಳಿಸುತ್ತಾರೆ. ತೊಂದರೆಯೇ ಇಲ್ಲದ ಹುಡುಗಿಗೆ ಪ್ರತಿ ವರ್ಷ ಒಳಪರೀಕ್ಷೆಯ ಅಗತ್ಯವಿಲ್ಲ.

ಪುರುಷ ವೈದ್ಯರು ಎಂಬ ಸಂಕೋಚದಿಂದ ಹಿಂದೆ ಸರಿಯುವವರು ಬಹಳ. ಪರೀಕ್ಷೆಯ ಹೊತ್ತಿನಲ್ಲಿ ಒಬ್ಬ ನರ್ಸ್ ಅಥವಾ ನಿಮ್ಮ ಜೊತೆ ಬಂದ ಹೆಂಗಸು ಕೋಣೆಯಲ್ಲಿರಲಿ ಎಂದು ಬಾಯಿಬಿಟ್ಟು ಕೇಳಿ. ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಒಳ್ಳೆಯ ವೈದ್ಯರು ನೀವು ಕೇಳುವ ಮೊದಲೇ ನರ್ಸನ್ನು ಕರೆದಿರುತ್ತಾರೆ.

ವರ್ಷದ ಯಾವ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು?

ಮೈಗೆ ಎಲ್ಲ ತಿಂಗಳೂ ಒಂದೇ. ಕೊಡಗಿಗೆ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಭಾಗಮಂಡಲದ ಕಡೆಯವರಿಗೂ ಬಿರುನಾಣಿಯ ಕಡೆಯವರಿಗೂ ರಸ್ತೆಯೇ ನಂಬಿಕೆಯದಲ್ಲ. ನವೆಂಬರ್ ಕಳೆಯುತ್ತಿದ್ದಂತೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಮಾರ್ಚ್‌ವರೆಗೆ ತೋಟದ ಮನೆಯವರಿಗೂ ಕೆಲಸಗಾರರ ಲೈನ್ ಮನೆಯವರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಅಕ್ಟೋಬರ್ ನಡುವೆ ಕಾವೇರಿ ಸಂಕ್ರಮಣ ಮುಗಿದ ಮೇಲೆ ಹುತ್ತರಿಯವರೆಗೆ ಸಿಗುವ ಬಿಡುವು ಇದೆಯಲ್ಲ, ಅದನ್ನು ಹಿಡಿಯಿರಿ. ಪ್ರತಿ ವರ್ಷ ಅದೇ ಹೊತ್ತಿಗೆ ಹೋದರೆ ನೆನಪಿಟ್ಟುಕೊಳ್ಳುವುದೂ ಸುಲಭ.

ನಿಮ್ಮೂರಿನ ಸಂತೆಯ ದಿನ ಹೋಗಬೇಡಿ. ಅಂದು ಹೊರರೋಗಿ ವಿಭಾಗ ತುಂಬಿ ತುಳುಕುತ್ತದೆ. ಬೆಳಿಗ್ಗೆ ಬೇಗ ಹೋದರೆ ವೈದ್ಯರಿಗೂ ನಿಮ್ಮ ಮಾತು ಕೇಳುವ ತಾಳ್ಮೆ ಉಳಿದಿರುತ್ತದೆ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಡಿ ಟಿಕೆಟ್ ದುಡ್ಡಿಲ್ಲ, ಆದರೆ ನಮ್ಮ ಒಳರಸ್ತೆಗಳಲ್ಲಿ ಖಾಸಗಿ ಬಸ್ಸುಗಳೂ ಬಹಳ ಇರುವುದರಿಂದ ಚಿಲ್ಲರೆ ಇಟ್ಟುಕೊಂಡೇ ಹೊರಡಿ.

ನನ್ನ ಹಿಮೋಗ್ಲೋಬಿನ್ 9.5 ಬಂದಿದೆ. ನನಗೆ ಏನೂ ಅನ್ನಿಸುತ್ತಿಲ್ಲ. ಚಿಂತೆ ಮಾಡಬೇಕೇ?

ಮಾಡಬೇಕು. ಬಸುರಿಯಲ್ಲದ ಹೆಂಗಸಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. 11ರಿಂದ 12ರೊಳಗೆ ಇದ್ದರೆ ಸೌಮ್ಯ ರಕ್ತಹೀನತೆ, 8ರಿಂದ 11ರೊಳಗೆ ಮಧ್ಯಮ, 8ಕ್ಕಿಂತ ಕೆಳಗಿಳಿದರೆ ತೀವ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಏನೂ ಅನ್ನಿಸದಿರುವುದಕ್ಕೆ ಕಾರಣ ಸರಳ. ರಕ್ತ ನಿಧಾನವಾಗಿ ಇಳಿದಾಗ ಮೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಏರುದಾರಿಯಲ್ಲಿ ಏದುಸಿರು ಬಂದರೆ "ದಾರಿಯೇ ಹಾಗೆ" ಎನ್ನುತ್ತೀರಿ, ಕೂದಲು ಉದುರಿದರೆ ನೀರನ್ನು ದೂರುತ್ತೀರಿ. ಹೀಗೇ ಇದ್ದ ಒಬ್ಬಳು ಹುಡುಗಿ ಮದುವೆಗೆ ಹದಿನೈದು ದಿನ ಇರುವಾಗ ಬಂದಳು. ಅವಳದು 6.8 ಇತ್ತು. ಅಷ್ಟು ಕಡಿಮೆ ರಕ್ತ ಹೊತ್ತು ಮದುವೆ ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದಳು. ಅವಳ ರೆಪ್ಪೆಯ ಒಳಭಾಗ ಸುಣ್ಣದಂತೆ ಬೆಳ್ಳಗಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೊದಲು ಕಾರಣ ಹುಡುಕಬೇಕು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಕಾರಣಗಳು ಮೂರು. ಹೆಚ್ಚು ಹೋಗುವ ಮುಟ್ಟು, ಕಬ್ಬಿಣದ ಅಂಶ ಕಡಿಮೆ ಇರುವ ಊಟ, ಕೊಕ್ಕೆಹುಳು. ಕೊಕ್ಕೆಹುಳುವಿನ ಮರಿಗಳು ಒದ್ದೆ ಮಣ್ಣಿನಲ್ಲಿ ಬರಿಗಾಲಿನ ಚರ್ಮ ಕೊರೆದು ಒಳಹೋಗಿ, ಕೊನೆಗೆ ಸಣ್ಣ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತವೆ. ಕಾಫಿ ಗಿಡದ ನೆರಳಿನ ತೇವದ ನೆಲ ಅವಕ್ಕೆ ಹೇಳಿ ಮಾಡಿಸಿದ ಜಾಗ. ತೋಟಕ್ಕೆ, ಗದ್ದೆಗೆ, ಬಯಲಿಗೆ ಇಳಿಯುವವರು ಚಪ್ಪಲಿ ಅಥವಾ ಗಂಬೂಟು ಹಾಕಿಕೊಳ್ಳಿ. ಹುಳುವಿನ ಮಾತ್ರೆ ಆಲ್ಬೆಂಡಜೋಲ್ ಅಗ್ಗದ್ದು, ಒಂದೇ ಸಲ ನುಂಗುವಂಥದ್ದು. ಆದರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಬಸುರಿನ ಮೊದಲ ಮೂರು ತಿಂಗಳಲ್ಲಿ ಅದು ಕೂಡದು.

ಕಬ್ಬಿಣಾಂಶದ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಬೇಡ, ಎರಡರ ನಡುವೆ ಕೆಲವು ಗಂಟೆಯ ಅಂತರವಿರಲಿ. ರಕ್ತ 12 ಮುಟ್ಟಿದ ಕೂಡಲೇ ಮಾತ್ರೆ ಬಿಡುವುದು ಬಹಳ ಮಂದಿ ಮಾಡುವ ತಪ್ಪು. ಮೈಯೊಳಗಿನ ಉಗ್ರಾಣ ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಯುತ್ತೇನೆ. ಬೆಲ್ಲದಲ್ಲಿ ಕಬ್ಬಿಣವಿದೆಯಲ್ಲ?

ಇದೆ, ಅತಿ ಸ್ವಲ್ಪ. ಆದರೆ ಕಾಫಿಯೇ ಊಟದಲ್ಲಿರುವ ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತದೆ. ಚಹಾ ಕೂಡ ಹಾಗೆಯೇ. ಕಾಫಿ ಬಿಡಿ ಎಂದು ಕೊಡಗಿನವರಿಗೆ ಹೇಳುವಷ್ಟು ಕಲ್ಲುಮನಸ್ಸು ನನಗಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯ ಅಂತರ ಕೊಡಿ, ಮಾತ್ರೆಯನ್ನಂತೂ ಕಾಫಿಯ ಜೊತೆ ನುಂಗಲೇಬೇಡಿ. ಅಕ್ಕಿ ರೊಟ್ಟಿಯ ಜೊತೆಗೇ ಕಾಫಿ ಹೀರುವ ಬೆಳಗಿನ ಅಭ್ಯಾಸವನ್ನು ಸ್ವಲ್ಪ ಮುಂದೆ ತಳ್ಳಿದರೆ ಅಷ್ಟೇ ಸಾಕು. ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ, ಕೊಡಗಿನ ಕಿತ್ತಳೆ ಏನಾದರೂ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮಾಂಸ ತಿನ್ನುವವರಿಗೆ ಅದರಲ್ಲಿನ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ದಕ್ಕುತ್ತದೆ. ಮನೆಯಲ್ಲಿ ಗಂಡಸರಿಗೆ ಬಡಿಸಿ ಉಳಿದ ಸಾರನ್ನಷ್ಟೇ ಹಾಕಿಕೊಳ್ಳುವ ಹೆಣ್ಣುಮಕ್ಕಳು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಮಳೆಗಾಲದಲ್ಲಿ ಜಿಗಣೆ ಕಚ್ಚಿಯೇ ರಕ್ತ ಕಡಿಮೆಯಾಗಿದೆ ಎನ್ನುತ್ತಾರೆ ಅಜ್ಜಿ. ನಿಜವೇ?

ಜಿಗಣೆ ಕುಡಿಯುವುದು ಕೆಲವೇ ಮಿಲಿಲೀಟರ್. ಬಿಟ್ಟ ಮೇಲೂ ಗಾಯ ಸೋರುವುದರಿಂದ ಬಹಳ ಹೋದಂತೆ ಕಾಣುತ್ತದೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, 80 ದಾಟಿದರೆ ಹೆಚ್ಚು ಎಂದರ್ಥ. ಕಾರಣವನ್ನು ಅಲ್ಲಿ ಹುಡುಕಿ.

ನಮ್ಮ ಬುಡಕಟ್ಟು ಹಾಡಿಗೆ ಬಂದು ಸಿಕಲ್ ಸೆಲ್ ಪರೀಕ್ಷೆ ಮಾಡುತ್ತಾರೆ. ನಾನು ಗಟ್ಟಿಮುಟ್ಟಾಗಿದ್ದೇನೆ, ಮಾಡಿಸಿಕೊಳ್ಳಬೇಕೇ?

ದಯವಿಟ್ಟು ಮಾಡಿಸಿಕೊಳ್ಳಿ. ಇದೊಂದು ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಸಿಕಲ್ ಸೆಲ್ ಎಂದರೆ ಕುಡುಗೋಲು ಕಣ ರಕ್ತಹೀನತೆ, ತಂದೆ ತಾಯಿಯಿಂದ ಬರುವ ರಕ್ತದ ಕಾಯಿಲೆ. ದೇಶದ ಹಲವು ಬುಡಕಟ್ಟು ಸಮುದಾಯಗಳಲ್ಲಿ ಇದು ಹೆಚ್ಚು, ನಮ್ಮ ಸೀಮೆಯ ಯರವ, ಜೇನುಕುರುಬ, ಬೆಟ್ಟಕುರುಬರಲ್ಲೂ ಕಂಡುಬಂದಿದೆ. ಇದಕ್ಕಾಗಿ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಶುರುಮಾಡಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆ ಅದರ ಗುರಿ.

ಒಬ್ಬರಿಂದ ಮಾತ್ರ ಆ ಗುಣ ಬಂದಿದ್ದರೆ ನೀವು ವಾಹಕರು, ರೋಗಿಯಲ್ಲ. ಜೀವನವಿಡೀ ಗಟ್ಟಿಮುಟ್ಟಾಗಿಯೇ ಇರಬಹುದು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಮದುವೆಗೆ ಮೊದಲೇ ಗೊತ್ತಿದ್ದರೆ ಯೋಚಿಸಿ ಹೆಜ್ಜೆ ಇಡಬಹುದು. ಬೆರಳು ಚುಚ್ಚಿ ಮಾಡುವ ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಇನ್ನೊಂದು ರಕ್ತ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ, ಆ ಎರಡನೆಯದನ್ನು ತಪ್ಪಿಸಬೇಡಿ. ವಾಹಕಳೆಂದು ಗೊತ್ತಾದ ಹುಡುಗಿಯನ್ನು ಬೇರೆ ಕಣ್ಣಿನಿಂದ ನೋಡುವವರಿಗೆ ಹೇಳುವುದಿಷ್ಟೇ: ಆ ಗುಣವನ್ನು ಅವಳು ಬೇಡಿ ಪಡೆದದ್ದಲ್ಲ, ಮುಟ್ಟಿದರೆ ಅಂಟುವಂಥದ್ದೂ ಅಲ್ಲ.

ಹಾಡಿಯವರಲ್ಲದವರಿಗೂ ಒಂದು ಮಾತು. ತಿಂಗಳುಗಟ್ಟಲೆ ಸರಿಯಾಗಿ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಥಲಸ್ಸೀಮಿಯಾದಂಥ ಅನುವಂಶಿಕ ಕಾರಣ ಇದೆಯೇ ಎಂದು ನೋಡಬೇಕು.

ಎಚ್‌ಪಿವಿ ಲಸಿಕೆ ಚಿಕ್ಕ ಹುಡುಗಿಯರಿಗೆ ಮಾತ್ರವೇ? ನನಗೀಗ 22.

ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಈ ಲಸಿಕೆ ನಿಮಗೂ ಆಗುತ್ತದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಅತ್ಯುತ್ತಮ, ತಪ್ಪಿದವರು 26ರವರೆಗೆ ಹಾಕಿಸಿಕೊಳ್ಳಿ ಎನ್ನುತ್ತಾರೆ ವೈದ್ಯರು. ಆಮೇಲೆಯೂ 45ರವರೆಗೆ ಕೊಡುವುದುಂಟು, ಆದರೆ ವಯಸ್ಸು ಹೆಚ್ಚಿದಂತೆ ಲಾಭ ಕಡಿಮೆ. ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್ ಕೊಡುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟು ಎಚ್‌ಪಿವಿ 16 ಮತ್ತು 18 ಎಂಬ ಎರಡು ಬಗೆಯ ವೈರಸ್‌ಗಳಿಂದಲೇ ಬರುತ್ತವೆ, ಲಸಿಕೆ ಅವೆರಡನ್ನೂ ತಡೆಯುತ್ತದೆ. 2022ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಗೆ ಅನುಮತಿ ಸಿಕ್ಕಿತು.

ಮದುವೆಯಾಗದ ಹುಡುಗಿಗೆ ಇದೇಕೆ ಎಂದು ಮನೆಯಲ್ಲಿ ಕೇಳುತ್ತಾರೆ. ವೈರಸ್ ತಗಲುವುದಕ್ಕೆ ಮೊದಲು ಹಾಕಿಸಿದರೇ ಲಸಿಕೆಗೆ ಪೂರ್ಣ ಬಲ ಎಂದು ಉತ್ತರಿಸಿ. ಗದ್ದೆಗೆ ಬೇಲಿ ಹಾಕುವುದು ಆನೆ ಬಂದು ಹೋದ ಮೇಲಲ್ಲ ಎಂದರೆ ನಮ್ಮ ಹಿರಿಯರಿಗೆ ತಟ್ಟನೆ ಅರ್ಥವಾಗುತ್ತದೆ.

ಇದರ ಜೊತೆಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷವಾಯಿತೇ ಎಂದೂ ಕೇಳಿಕೊಳ್ಳಿ. ರುಬೆಲ್ಲಾದ ಬಗ್ಗೆ ಮುಂದೆ ಇದೆ.

ಗರ್ಭಕೊರಳಿನ ಪರೀಕ್ಷೆ ಯಾವಾಗ ಶುರು? ತುಂಬಾ ನೋಯುತ್ತದೆಯೇ?

ಸರ್ಕಾರಿ ಕಾರ್ಯಕ್ರಮದಲ್ಲಿ 30 ವರ್ಷದಿಂದ, ಐದು ವರ್ಷಕ್ಕೊಮ್ಮೆ. ಅಲ್ಲಿ ಮಾಡುವುದು ತೆಳು ಅಸಿಟಿಕ್ ಆಮ್ಲ ಸವರಿ ನೋಡುವ ಪರೀಕ್ಷೆ. ನಮ್ಮ ಅಡುಗೆಮನೆಯ ವಿನೆಗರ್‌ನಲ್ಲಿರುವ ಹುಳಿಯೇ ಅದು. ಸವರಿ ಒಂದು ನಿಮಿಷ ಕಾದರೆ ಅನುಮಾನದ ಜಾಗ ಬೆಳ್ಳಗಾಗುತ್ತದೆ. ಖಾಸಗಿಯಲ್ಲಿ ಗರ್ಭಕೊರಳಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನು ಕೆಲವರು 21ರಿಂದ, ಕೆಲವರು 25ರಿಂದ ಮೂರು ವರ್ಷಕ್ಕೊಮ್ಮೆ ಮಾಡುತ್ತಾರೆ. ಎಚ್‌ಪಿವಿ ಪರೀಕ್ಷೆ 30ರ ನಂತರ, ಐದು ವರ್ಷಕ್ಕೊಮ್ಮೆ ಸಾಕಾಗುತ್ತದೆ. ಲೈಂಗಿಕ ಸಂಪರ್ಕವೇ ಆಗಿಲ್ಲದವರಿಗೆ ಅಪಾಯ ಬಹಳ ಕಡಿಮೆ, ಅವರು ಅವಸರ ಪಡಬೇಕಿಲ್ಲ. ಲಸಿಕೆ ಹಾಕಿಸಿಕೊಂಡವರೂ ವಯಸ್ಸು ಬಂದಾಗ ಪರೀಕ್ಷೆ ಮಾಡಿಸಲೇಬೇಕು.

ನೋವಿಗಿಂತ ಇರುಸುಮುರುಸು ಹೆಚ್ಚು. ಎರಡು ಮೂರು ನಿಮಿಷದ ಕೆಲಸ. ಉಸಿರು ಬಿಗಿಹಿಡಿಯದೆ ನಿಧಾನವಾಗಿ ಬಿಟ್ಟರೆ ಸುಲಭವಾಗುತ್ತದೆ. ನೋವಾದರೆ "ನಿಲ್ಲಿಸಿ" ಎನ್ನಿ, ನಿಲ್ಲಿಸಬೇಕು. ಮುಟ್ಟಿನ ದಿನಗಳಲ್ಲಿ ಮಾಡಿಸಬೇಡಿ.

ಸ್ತನದ ಪರೀಕ್ಷೆ?

ಮನೆಯಲ್ಲಿ ಯಾರಿಗೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇಲ್ಲದಿದ್ದರೆ ಈ ವಯಸ್ಸಿಗೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಬೇಡ. ನಿಮ್ಮ ಸ್ತನ ಸಹಜವಾಗಿ ಹೇಗಿರುತ್ತದೆ ಎಂದು ನಿಮಗೆ ಪರಿಚಯವಿರಲಿ. ಹೊಸ ಗಂಟು, ಚರ್ಮ ಒಳಸೆಳೆದಂತೆ ಆಗುವುದು, ಮೊಲೆತೊಟ್ಟಿನಿಂದ ರಕ್ತ ಕಂಡರೆ ಕಾಯಬೇಡಿ. ತಾಯಿ, ಅಕ್ಕತಂಗಿ, ಚಿಕ್ಕಮ್ಮ ದೊಡ್ಡಮ್ಮಂದಿರಲ್ಲಿ ಯಾರಿಗಾದರೂ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ, ನಿಮ್ಮ ಲೆಕ್ಕ ಬೇರೆಯಾಗುತ್ತದೆ.

ಮುಟ್ಟು ಎಷ್ಟರಮಟ್ಟಿಗೆ ಏರುಪೇರಾದರೆ ತೋರಿಸಬೇಕು?

ಮುಟ್ಟಿನಿಂದ ಮುಟ್ಟಿಗೆ 21ರಿಂದ 35 ದಿನ, ಎಂಟು ದಿನದೊಳಗೆ ನಿಲ್ಲುವುದು ಸಹಜ. ಒಮ್ಮೆ ನಾಲ್ಕು ದಿನ ಹಿಂದೆ ಮುಂದೆಯಾದರೆ ಗಾಬರಿ ಬೇಡ. ಮೂರು ತಿಂಗಳು ಬಾರದೇ ಹೋದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ರಾತ್ರಿ ಎದ್ದು ಬದಲಾಯಿಸಬೇಕಾದರೆ, ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ತೋರಿಸಿ. ನೋವು ಸ್ವಲ್ಪ ಇರುತ್ತದೆ. ಆದರೆ ಕಾಲೇಜು, ಕೆಲಸ ಬಿಟ್ಟು ಮಲಗುವಂಥ ನೋವನ್ನು "ಹೆಣ್ಣಾದ ಮೇಲೆ ಇದ್ದದ್ದೇ" ಎಂದು ಸಹಿಸಿಕೊಳ್ಳುವುದು ತಪ್ಪು. ಅದಕ್ಕೆ ಮದ್ದಿದೆ, ಅದರ ಹಿಂದೆ ಕಾಯಿಲೆಯೂ ಇರಬಹುದು. ಮುಟ್ಟು ಶುರುವಾದ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲೋ ಮೊಬೈಲಿನಲ್ಲೋ ಗುರುತು ಹಾಕಿ. ವೈದ್ಯರು ಮೊದಲು ಕೇಳುವ ಪ್ರಶ್ನೆಯೇ ಅದು. ಹತ್ತರಲ್ಲಿ ಎಂಟು ಮಂದಿ ನನ್ನ ಮುಖ ನೋಡುತ್ತಾ ಬೆರಳು ಮಡಚಿ ಎಣಿಸತೊಡಗುತ್ತಾರೆ.

ಹಬ್ಬಕ್ಕೆ, ಮದುವೆಗೆ ಮುಟ್ಟು ಮುಂದೂಡುವ ಮಾತ್ರೆ ಔಷಧಿ ಅಂಗಡಿಯಲ್ಲೇ ಕೇಳಿ ತೆಗೆದುಕೊಳ್ಳಬಹುದೇ?

ಬೇಡ. ಎಂದೋ ಒಮ್ಮೆ ವೈದ್ಯರನ್ನು ಕೇಳಿ ತೆಗೆದುಕೊಂಡರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ, ಯಕೃತ್ತಿನ ಕಾಯಿಲೆ ಇದ್ದವರಿಗೆ, ಬಸುರಾಗಿರುವ ಸಾಧ್ಯತೆ ಇದ್ದವರಿಗೆ ಅದು ಹೊಂದುವುದಿಲ್ಲ. ಔಷಧಿ ಅಂಗಡಿಯವರು ಇದನ್ನೆಲ್ಲ ಕೇಳುವುದಿಲ್ಲ. ಹಬ್ಬಕ್ಕೆ ಹತ್ತು ದಿನ ಮುಂಚೆಯೇ ವೈದ್ಯರನ್ನು ಕಾಣಿ, ಹಿಂದಿನ ದಿನ ಓಡಿದರೆ ಕೆಲಸವಾಗದು.

ಬಿಪಿ, ಶುಗರ್, ಕೊಲೆಸ್ಟರಾಲ್ ಎಲ್ಲ ವಯಸ್ಸಾದವರಿಗಲ್ಲವೇ?

ಬಿಪಿಯನ್ನು ಪ್ರತಿ ಭೇಟಿಯಲ್ಲೂ ನೋಡಿಸಿ, ಅರ್ಧ ನಿಮಿಷದ ಕೆಲಸ. 120/80ರೊಳಗಿದ್ದರೆ ಚೆನ್ನ. 140/90 ಅಥವಾ ಹೆಚ್ಚು ಬಂದರೆ ಬೇರೆ ದಿನ ಮತ್ತೆ ನೋಡಿಸಬೇಕು. ಬೆಟ್ಟ ಹತ್ತಿ ಓಡಿಬಂದು ಕೂತ ಕೂಡಲೇ ಅಳೆಸಬೇಡಿ, ಐದು ನಿಮಿಷ ಸುಧಾರಿಸಿಕೊಳ್ಳಿ. ಶುಗರ್ ಪರೀಕ್ಷೆ 30ರಿಂದ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಪಿಸಿಒಡಿ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಇದ್ದರೆ, ಹಿಂದಿನ ಬಸುರಿನಲ್ಲಿ ಶುಗರ್ ಬಂದಿದ್ದರೆ, ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಿದ್ದರೆ ಅದಕ್ಕೂ ಮೊದಲೇ ಮಾಡಿಸಿ. ಕೊಲೆಸ್ಟರಾಲ್ 20 ದಾಟಿದ ಮೇಲೆ ಒಮ್ಮೆ ನೋಡಿ, ಸರಿಯಿದ್ದರೆ ನಾಲ್ಕೈದು ವರ್ಷ ಬಿಟ್ಟು ಮತ್ತೆ.

ಎಪ್ಪತ್ತು ಪರೀಕ್ಷೆಗಳ ಪ್ಯಾಕೇಜ್ ಕಡಿಮೆ ದರಕ್ಕೆ ಸಿಗುತ್ತಿದೆ. ಮಾಡಿಸಿಬಿಡಲೇ?

ಆ ದುಡ್ಡಿನಲ್ಲಿ ಲಸಿಕೆ ಹಾಕಿಸಿಕೊಳ್ಳಿ. ಆರೋಗ್ಯವಂತರಿಗೆ ಎಪ್ಪತ್ತು ಪರೀಕ್ಷೆ ಮಾಡಿದರೆ ಒಂದೆರಡು ಅಂಕಿ ಗೆರೆ ದಾಟಿಯೇ ದಾಟುತ್ತವೆ. ಆಮೇಲೆ ಅದರ ಬೆನ್ನುಹತ್ತಿ ಇನ್ನಷ್ಟು ಪರೀಕ್ಷೆ, ಇನ್ನಷ್ಟು ನಿದ್ದೆಗೆಟ್ಟ ರಾತ್ರಿ. ಥೈರಾಯ್ಡ್ ಕೂಡ ಎಲ್ಲರಿಗೂ ಪ್ರತಿ ವರ್ಷ ಬೇಡ. ಕಾರಣವಿಲ್ಲದೆ ತೂಕ ಏರಿಳಿದರೆ, ಮುಟ್ಟು ತಪ್ಪಿದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ಮನೆಯಲ್ಲಿ ಇದ್ದರೆ, ಬಸುರಿಗೆ ಸಿದ್ಧವಾಗುತ್ತಿದ್ದರೆ ಮಾಡಿಸಿ. ಹೆಚ್ಚು ಮಳೆ ಸುರಿಯುವ ಬೆಟ್ಟದ ಮಣ್ಣಿನಿಂದ ಅಯೋಡಿನ್ ತೊಳೆದು ಹೋಗುತ್ತದೆ, ಹಾಗಾಗಿ ನಮ್ಮ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಬೇಕು. ಹೊಟ್ಟೆಯ ಸ್ಕ್ಯಾನಿಂಗ್ ಸಹ ಸುಮ್ಮನೆ ಬೇಡ. ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ಕಂಡ ಮಾತ್ರಕ್ಕೆ ಪಿಸಿಒಡಿ ಎಂದು ಹಣೆಪಟ್ಟಿ ಹಚ್ಚಿಕೊಂಡು ಅಳುತ್ತಾ ಬಂದ ಹುಡುಗಿಯರನ್ನು ಎಷ್ಟೋ ಸಲ ಸಮಾಧಾನ ಮಾಡಿದ್ದೇನೆ.

ಕಕ್ಕಡ ಹದಿನೆಂಟರ ಮಾರನೆಯ ದಿನ ಮೂತ್ರ ಪರೀಕ್ಷೆಗೆ ಹೋಗಬಹುದೇ?

ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದಿದ್ದರೆ ಎರಡು ದಿನ ಬಿಟ್ಟು ಹೋಗಿ. ಮದ್ದು ಸೊಪ್ಪಿನ ಬಣ್ಣದಿಂದ ಮೂತ್ರ ಕೆಂಪಗಾಗುತ್ತದೆ ಎಂಬುದು ನಮಗೆಲ್ಲ ಗೊತ್ತು, ಹೊರ ಊರಿನಿಂದ ಹೊಸದಾಗಿ ಬಂದ ವೈದ್ಯರಿಗೆ ಗೊತ್ತಿರಲಾರದು. ತುರ್ತಾಗಿ ಹೋಗಲೇಬೇಕಾದರೆ ತಿಂದದ್ದನ್ನು ಹೇಳಿಬಿಡಿ.

ಮುಂದಿನ ವರ್ಷ ಮದುವೆ. ಏನೇನು ಮಾಡಿಸಬೇಕು?

ರಕ್ತದ ಗುಂಪು ಗೊತ್ತಿರಲಿ. ನಿಮ್ಮದು ನೆಗೆಟಿವ್ ಆಗಿ ಗಂಡನದು ಪಾಸಿಟಿವ್ ಆದರೆ ಬಸುರಿನಲ್ಲಿ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿ, ಆಮೇಲೆ ಒಂದು ತಿಂಗಳಾದರೂ ಬಸುರಾಗಬಾರದು. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ನಡೆದ ದಡಾರ–ರುಬೆಲ್ಲಾ ಅಭಿಯಾನದಲ್ಲಿ ಅನೇಕರಿಗೆ ಸಿಕ್ಕಿದೆ, ನೆನಪಿಸಿಕೊಳ್ಳಿ. ಎಚ್‌ಐವಿ ಪರೀಕ್ಷೆಯನ್ನು ಹುಡುಗನೂ ಹುಡುಗಿಯೂ ಮಾಡಿಸುವುದು ಒಳ್ಳೆಯದು. ಸರ್ಕಾರಿ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಅದು ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ.

ಮಗು ಬೇಕೆಂದು ನಿರ್ಧರಿಸಿದವರು ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ಮಗುವಿನ ಬೆನ್ನುಹುರಿಯಾಗಬೇಕಾದ ನಾಳ ಗರ್ಭಧರಿಸಿದ ನಾಲ್ಕು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಮಂದಿಗೆ ತಾನು ಬಸುರಿ ಎಂದೇ ಗೊತ್ತಿರುವುದಿಲ್ಲ. ಬಸುರಾದ ಮೇಲೆ ಕೊಟ್ಟರಾಯಿತು ಎನ್ನುವ ಹಿರಿಯರಿಗೆ ಇದನ್ನು ತಿಳಿಸಿ ಹೇಳಿ.

ಮಗು ಈಗಲೇ ಬೇಡವಾದರೆ ಸಂಕೋಚ ಬಿಟ್ಟು ಕೇಳಿ. ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರ ಚುಚ್ಚುಮದ್ದು, ಕಾಪರ್-ಟಿ ಎಲ್ಲವೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಯಾವುದು ಹೊಂದುತ್ತದೆ ಎಂಬುದು ನಿಮ್ಮ ಬಿಪಿ, ತಲೆನೋವು, ರಕ್ತದ ಪ್ರಮಾಣ ನೋಡಿ ಹೇಳಬೇಕಾದ ಮಾತು. ನೆರೆಮನೆಯವರಿಗೆ ಹೊಂದಿದ್ದು ನಿಮಗೂ ಹೊಂದಬೇಕೆಂದಿಲ್ಲ.

ವೈದ್ಯರಿಗೆ ಎಲ್ಲ ಹೇಳಿದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ?

ಈ ಭಯ ನನಗೆ ಅರ್ಥವಾಗುತ್ತದೆ. ಸಣ್ಣ ಜಿಲ್ಲೆ ನಮ್ಮದು, ಮನೆತನದ ಹೆಸರು ಹೇಳಿದರೆ ಸಾಕು, ಅಜ್ಜನವರೆಗೆ ಗುರುತು ಹಿಡಿಯುತ್ತಾರೆ. ಆದರೆ ರೋಗಿಯ ಗುಟ್ಟು ಕಾಯುವುದು ವೈದ್ಯರ, ನರ್ಸ್‌ಗಳ ವೃತ್ತಿಧರ್ಮ. ಹದಿನೆಂಟು ತುಂಬಿದವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ತಂದೆ ತಾಯಿಗೂ ಹೇಳುವಂತಿಲ್ಲ. ತಾಯಿ ಜೊತೆ ಬಂದಿದ್ದರೆ "ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಬೇಕು" ಎನ್ನಿ. ಪರಿಚಯದವರೇ ಇರುವ ಜಾಗ ಬೇಡವೆನಿಸಿದರೆ ಬೇರೆ ತಾಲ್ಲೂಕಿನ ಆಸ್ಪತ್ರೆಗೆ ಹೋದರೂ ತಪ್ಪಿಲ್ಲ.

ಲೈಂಗಿಕ ಸಂಪರ್ಕ ಇದೆಯೇ ಎಂದು ಕೇಳಿದರೆ ನಿಜ ಹೇಳಿ. ಯಾವ ಪರೀಕ್ಷೆ, ಯಾವ ಮಾತ್ರೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಮನೆಯಲ್ಲಿ ಮಾಡಿದ ಹಣ್ಣಿನ ವೈನ್, ಸಮಾರಂಭದ ಮದ್ಯ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಇವನ್ನೂ ಮುಚ್ಚಿಡಬೇಡಿ. ಹೊಗೆಸೊಪ್ಪು ಹಾಕುವವರು ಬಾಯಿ ತೋರಿಸಲೇಬೇಕು, ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರಂತೂ ಕೂಡಲೇ.

ಮನಸ್ಸಿಗೆ ಬೇಜಾರು. ಇದಕ್ಕೂ ವೈದ್ಯರೇ?

ಹೌದು. ಎರಡು ವಾರ ಮೀರಿ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವರ್ಷದ ಭೇಟಿಗೆ ಕಾಯಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಮಳೆಯ ಸದ್ದಿಗೇ ಎದೆ ಹೊಡೆದುಕೊಳ್ಳುವ ಎಷ್ಟೋ ಮಂದಿ ಇನ್ನೂ ಇದ್ದಾರೆ, ಅದೂ ಮದ್ದು ಬೇಡುವ ನೋವೇ. 14416ಕ್ಕೆ ಕರೆ ಮಾಡಿದರೆ ಟೆಲಿ-ಮನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಬದುಕೇ ಬೇಡ ಎನ್ನಿಸುತ್ತಿದ್ದರೆ ಈಗಲೇ ಮಾಡಿ, ಹತ್ತಿರದ ಒಬ್ಬರಿಗಾದರೂ ಹೇಳಿ. ಮನೆಯಲ್ಲಿ ಹೊಡೆತ ಬಡಿತವಿದ್ದರೆ 181 ಮಹಿಳಾ ಸಹಾಯವಾಣಿ ಇದೆ.

ಬೆಂಗಳೂರಿನಲ್ಲಿ ಕೆಲಸ, ರಜೆಗೆ ಮಾತ್ರ ಊರಿಗೆ ಬರುತ್ತೇನೆ. ಎಲ್ಲಿ ತೋರಿಸಲಿ?

ಎಲ್ಲಾದರೂ ಸರಿ, ಆದರೆ ಪ್ರತಿ ವರ್ಷ ಅದೇ ವೈದ್ಯರಾದರೆ ಮೇಲು. ಹಳೆಯ ಚೀಟಿಗಳ ಫೋಟೊ ತೆಗೆದು ಮೊಬೈಲಿನಲ್ಲಿಡಿ. 2018ರ ಮಳೆಯಲ್ಲಿ ಮನೆಯ ಜೊತೆ ಎಲ್ಲ ಕಾಗದ ಪತ್ರಗಳನ್ನೂ ಕಳೆದುಕೊಂಡವರನ್ನು ನೋಡಿದ ಮೇಲೆ ನಾನು ಇದನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ಆರೋಗ್ಯ ದಾಖಲೆಗಳಿಗಾಗಿ ಸರ್ಕಾರ ಕೊಡುವ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡರೆ ವರದಿಗಳನ್ನು ಅದಕ್ಕೇ ಜೋಡಿಸಿಡಬಹುದು.

ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಲೇ?

ಖಂಡಿತ, ಅವರ ಸಲುವಾಗಿಯೂ. ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಯಾವ ದಿನ ಯಾವ ಪರೀಕ್ಷೆ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಅಮ್ಮಂದಿರು "ನನಗೇನಾಗಿದೆ" ಎಂದು ಹೊರಗಿನ ಬೆಂಚಿನಲ್ಲೇ ಕೂರುತ್ತಾರೆ. ನಿಮ್ಮ ಹೆಸರಿನ ಚೀಟಿ ಮಾಡಿಸುವಾಗಲೇ ಅವರದನ್ನೂ ಮಾಡಿಸಿಬಿಡಿ.